ಮಣ್ಣು ಬಿಡುವ ಪಾದರಸ: ಅಳೆಯದೆ ತಿಳಿಯದು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಕೃಷಿಕರಿಗೆ ಮಣ್ಣು ಆರೋಗ್ಯ ಚೀಟಿಯ ಪರಿಚಯವಿದೆ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಈ ಯೋಜನೆಯಲ್ಲಿ ಮಣ್ಣಿನ 12 ಗುಣಗಳನ್ನು ಪರೀಕ್ಷಿಸಿ ಬರೆದುಕೊಡಲಾಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ರಸಸಾರ, ಲವಣಾಂಶ, ಸಾವಯವ ಇಂಗಾಲ. ಅದೇ ಹೊಲದ ಮೇಲೆ ಬೀಸುವ ಗಾಳಿಗೂ ಒಂದು ಪಟ್ಟಿಯುಂಟು. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡಗಳು 12 ಮಾಲಿನ್ಯಕಾರಕಗಳನ್ನು ಹೆಸರಿಸುತ್ತವೆ. ಅದರಲ್ಲಿ ಸೀಸವಿದೆ, ಆರ್ಸೆನಿಕ್ ಇದೆ, ನಿಕ್ಕಲ್ ಇದೆ. ಈ ಎರಡೂ ಹನ್ನೆರಡರ ಪಟ್ಟಿಗಳಲ್ಲಿ ಕಾಣದಿರುವ ಹೆಸರು ಪಾದರಸದ್ದು.

ಕಾನೂನಿಗೆ ಪಾದರಸದ ಪರಿಚಯವೇ ಇಲ್ಲವೆಂದು ಇದರ ಅರ್ಥವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.001 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಬ್ಯೂರೋ ವಿಧಿಸಿದೆ. ನಗರದ ಕಸದಿಂದ ತಯಾರಿಸಿದ ಕಾಂಪೋಸ್ಟಿನಲ್ಲಿ ಕಿಲೋಗ್ರಾಮಿಗೆ 0.15 ಮಿಲಿಗ್ರಾಂ ಮೀರಬಾರದೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ. ಹೊಲಕ್ಕೆ ಚೆಲ್ಲುವ ಗೊಬ್ಬರಕ್ಕೆ ಮಿತಿಯುಂಟು. ಆ ಗೊಬ್ಬರ ಬೀಳುವ ನೆಲದಲ್ಲಿ ಪಾದರಸವೆಷ್ಟು, ಆ ನೆಲದಿಂದ ಗಾಳಿಗೆ ಏರುವುದೆಷ್ಟು ಎಂಬ ಪ್ರಶ್ನೆಯನ್ನು ಮಾತ್ರ ವಾಡಿಕೆಯ ಯಾವ ಪರೀಕ್ಷೆಯೂ ಕೇಳುವುದಿಲ್ಲ.

ಕಬ್ಬಿನ ನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳಲು ಗಟ್ಟಿಯಾದ ಕಾರಣವಿದೆ. ಕನ್ನಂಬಾಡಿಯ ಅಣೆಕಟ್ಟು ಮತ್ತು ಮೊದಲು ಇರ್ವಿನ್ ನಾಲೆಯೆಂದು ಕರೆಸಿಕೊಂಡ ವಿಶ್ವೇಶ್ವರಯ್ಯ ನಾಲೆ ಈ ಸೀಮೆಯ ಬೇಸಾಯವನ್ನೇ ಬದಲಿಸಿದವು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ ರಾಗಿಯ ಹೊಲಗಳು ಕಬ್ಬಿನ ಗದ್ದೆಗಳಾದವು. ಕಬ್ಬನ್ನು ಬೀಜದಿಂದಲ್ಲ, ಕಣ್ಣುಳ್ಳ ತುಂಡುಗಳಿಂದ ಬೆಳೆಯುತ್ತಾರೆ. ಮಣ್ಣಿನಲ್ಲಿ ಹೂತ ತುಂಡಿಗೆ ಬೂಷ್ಟು ಹಿಡಿದು ಕೊಳೆಯದಿರಲೆಂದು ನೆಡುವ ಮುನ್ನ ಔಷಧದ ನೀರಿನಲ್ಲಿ ಅದ್ದುವ ಪದ್ಧತಿ ಬಂದಿತು. ದಶಕಗಳ ಕಾಲ ಭಾರತದ ಕಬ್ಬು ಬೇಸಾಯದ ಪಠ್ಯಗಳು ಇದಕ್ಕೆ ಹೇಳುತ್ತಿದ್ದುದು ಸಾವಯವ ಪಾದರಸದ ಪುಡಿಗಳನ್ನು. ಅಗಲ್ಲಾಲ್, ಅರೆಟಾನ್, ಎಮಿಸಾನ್ ಎಂಬ ಹೆಸರುಗಳು ಹಳೆಯ ತಲೆಮಾರಿನ ಬೆಳೆಗಾರರಿಗೆ ಅಪರಿಚಿತವಲ್ಲ. ಇತರ ಪಾದರಸಯುಕ್ತ ಪೀಡೆನಾಶಕಗಳು ನಿಷೇಧಗೊಂಡ ಮೇಲೆಯೂ ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಎಂಬ ಸಂಯುಕ್ತಕ್ಕೆ ಎರಡು ಬೆಳೆಗಳ ಬೀಜೋಪಚಾರಕ್ಕೆಂದು ವಿನಾಯಿತಿ ಉಳಿದುಕೊಂಡಿತು. ಒಂದು ಆಲೂಗಡ್ಡೆ, ಇನ್ನೊಂದು ಕಬ್ಬು. ಆ ವಿನಾಯಿತಿ ಕೊನೆಗೊಂಡದ್ದು 2018ರ ಆಗಸ್ಟ್ 8ರ ಕೇಂದ್ರ ಸರ್ಕಾರದ ಆದೇಶದಿಂದ.

ನಿಷೇಧ ಸ್ವಾಗತಾರ್ಹ. ಆದರೆ ನಿಷೇಧ ಮುಚ್ಚುವುದು ಡಬ್ಬಿಯ ಬಾಯನ್ನು, ಮಣ್ಣಿನ ಬಾಯನ್ನಲ್ಲ. ಸಾಮಾನ್ಯ ಕೀಟನಾಶಕವೊಂದು ಕಾಲಾನುಕ್ರಮದಲ್ಲಿ ಒಡೆದು ನಿರಪಾಯ ವಸ್ತುಗಳಾಗಬಹುದು. ಪಾದರಸ ಮೂಲಧಾತು, ಅದನ್ನು ಯಾವ ಸೂಕ್ಷ್ಮಜೀವಿಯೂ ಇಲ್ಲವಾಗಿಸಲಾರದು. ಅದು ರೂಪ ಬದಲಿಸುತ್ತದೆ, ಸ್ಥಳ ಬದಲಿಸುತ್ತದೆ, ಅಷ್ಟೆ.

ಒಂದು ಸರಳ ಲೆಕ್ಕ ಇದನ್ನು ಸ್ಪಷ್ಟಪಡಿಸುತ್ತದೆ. ಶೇ. 3ರಷ್ಟು ಪಾದರಸವುಳ್ಳ ಪುಡಿಯನ್ನು 100 ಲೀಟರ್ ನೀರಿಗೆ ಅರ್ಧ ಕಿಲೋ ಬೆರೆಸಿದರೆ ಆ ನೀರಿನಲ್ಲಿರುವ ಪಾದರಸ 15 ಗ್ರಾಂ. ಅದ್ದಿದ ತುಂಡಿಗೆ ಅಂಟಿದ್ದೂ ಮಿಕ್ಕು ಬದುವಿಗೆ ಚೆಲ್ಲಿದ್ದೂ ಸೇರಿ ಇಷ್ಟೂ ಒಂದು ಎಕರೆಗೆ ಸಂದಿತೆಂದು ಇಟ್ಟುಕೊಳ್ಳೋಣ. ಒಂದು ಎಕರೆಯ ಮೇಲ್ಮಣ್ಣು, 15 ಸೆಂಟಿಮೀಟರ್ ಆಳಕ್ಕೆ, ಸುಮಾರು 800 ಟನ್. ಅಂದರೆ ಒಂದು ನಾಟಿಗೆ ಕಿಲೋಗ್ರಾಂ ಮಣ್ಣಿಗೆ 0.02 ಮಿಲಿಗ್ರಾಮಿಗಿಂತ ತುಸು ಕಡಿಮೆ. ಇದು ದೊಡ್ಡ ಮೊತ್ತವಲ್ಲ. ಆದರೆ ಮಾಲಿನ್ಯವಿಲ್ಲದ ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವ ಪಾದರಸವೂ ಕಿಲೋಗ್ರಾಮಿಗೆ ಮಿಲಿಗ್ರಾಮಿನ ನೂರನೆಯ ಕೆಲವು ಭಾಗಗಳಿಂದ ಹತ್ತನೆಯ ಒಂದು ಭಾಗದವರೆಗೆ ಮಾತ್ರ. ಹತ್ತು ಬಾರಿ ಹೀಗೆ ನೆಟ್ಟ ಹೊಲದಲ್ಲಿ ಎಲ್ಲವೂ ಉಳಿದಿದ್ದರೆ ನೆಲದ ಸಹಜ ಪಾದರಸಕ್ಕಿಂತ ಸೇರಿಸಿದ್ದೇ ಹೆಚ್ಚಾಗಿರುತ್ತದೆ. ಎಲ್ಲ ಕೃಷಿಕರೂ ಈ ಪುಡಿ ಬಳಸಿದರೆಂದಲ್ಲ, ಬಳಸಿದವರೂ ಪ್ರತಿ ಬಾರಿ ಬಳಸಿದರೆಂದಲ್ಲ. ಹಾಗಾಗಿಯೇ ಒಂದು ಹೊಲದ ಕಥೆ ಪಕ್ಕದ ಹೊಲದ್ದಾಗಿರಲಾರದು, ಊಹೆಯಿಂದ ತೀರ್ಮಾನಿಸುವಂತಿಲ್ಲ.

ಮಣ್ಣಿನಲ್ಲಿ ಉಳಿದ ಪಾದರಸ ಹೆಚ್ಚಿನಂಶ ಸಾವಯವ ದ್ರವ್ಯಕ್ಕೂ ಗಂಧಕಕ್ಕೂ ಅಂಟಿಕೊಂಡು ಕೂರುತ್ತದೆ. ಅದರ ಸಣ್ಣ ಪಾಲನ್ನು ಬಿಸಿಲು ಮತ್ತು ಸೂಕ್ಷ್ಮಜೀವಿಗಳು ಶುದ್ಧ ಧಾತುರೂಪಕ್ಕೆ ಇಳಿಸುತ್ತವೆ. ಕೋಣೆಯ ಉಷ್ಣತೆಯಲ್ಲೇ ದ್ರವವಾಗಿರುವ ಏಕೈಕ ಲೋಹವಿದು; ಆವಿಯಾಗಲು ಅದಕ್ಕೆ ಕುದಿಯಬೇಕಾದ ಅಗತ್ಯವಿಲ್ಲ. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲವಾಗಿ ಅದು ನೆಲದಿಂದ ಏರುತ್ತದೆ. ಯಾವ ಅನುಭವಿ ಬೇಸಾಯಗಾರನ ಕಣ್ಣು ಮೂಗುಗಳೂ ಇದನ್ನು ಗುರುತಿಸಲಾರವು. ಇದು ಅಳತೆಗೆ ಮಾತ್ರ ಸಿಕ್ಕುವ ಸತ್ಯ.

ಅಳೆಯುವ ವಿಧಾನ ತತ್ತ್ವದಲ್ಲಿ ಸರಳ. ತಳವಿಲ್ಲದ ಪಾರದರ್ಶಕ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಕವುಚಿ, ಅದರೊಳಗಿನಿಂದ ನಿಗದಿತ ವೇಗದಲ್ಲಿ ಗಾಳಿಯನ್ನು ಎಳೆಯುತ್ತಾರೆ. ಒಳಹೋಗುವ ಗಾಳಿಯಲ್ಲಿ ಪಾದರಸವೆಷ್ಟು, ಹೊರಬರುವ ಗಾಳಿಯಲ್ಲಿ ಎಷ್ಟು ಎಂಬ ವ್ಯತ್ಯಾಸವನ್ನು ಗಾಳಿಯ ಹರಿವಿನಿಂದ ಗುಣಿಸಿ, ಪೆಟ್ಟಿಗೆ ಮುಚ್ಚಿದ ನೆಲದ ವಿಸ್ತಾರದಿಂದ ಭಾಗಿಸಿದರೆ ಒಂದು ಚದರ ಮೀಟರ್ ನೆಲ ಒಂದು ಗಂಟೆಯಲ್ಲಿ ಬಿಟ್ಟ ಪಾದರಸ ಎಷ್ಟು ನ್ಯಾನೋಗ್ರಾಂ ಎಂದು ತಿಳಿಯುತ್ತದೆ. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಭಾಗ. ಇಷ್ಟು ಅಲ್ಪವನ್ನು ಹಿಡಿಯಲು ನೆರವಾಗುವುದು ಅಕ್ಕಸಾಲಿಗರು ಬಲ್ಲ ಹಳೆಯ ಗುಣವೇ: ಪಾದರಸ ಚಿನ್ನಕ್ಕೆ ಅಂಟುತ್ತದೆ. ಚಿನ್ನದ ಲೇಪವಿರುವ ಮರಳಿನ ನಳಿಕೆಯ ಮೂಲಕ ಗಾಳಿಯನ್ನು ಹಾಯಿಸಿ, ಬಳಿಕ ನಳಿಕೆಯನ್ನು ಕಾಯಿಸಿದರೆ ಹಿಡಿದ ಪಾದರಸ ಬಿಡುಗಡೆಯಾಗುತ್ತದೆ; 253.7 ನ್ಯಾನೋಮೀಟರ್ ತರಂಗಾಂತರದ ಅತಿನೇರಳೆ ಬೆಳಕಿಗೆ ಅದು ಪ್ರತಿಸ್ಪಂದಿಸುವುದನ್ನು ಉಪಕರಣ ಎಣಿಸುತ್ತದೆ.

ತತ್ತ್ವ ಸರಳವಾದರೂ ಕೆಲಸ ಎಚ್ಚರದ್ದು. ಉತ್ತರ ಗೋಲಾರ್ಧದ ಸ್ವಚ್ಛ ಗಾಳಿಯಲ್ಲಿಯೇ ಘನ ಮೀಟರಿಗೆ ಸುಮಾರು 1.5 ನ್ಯಾನೋಗ್ರಾಂ ಪಾದರಸವಿರುತ್ತದೆ. ನೆಲದ ಕೊಡುಗೆಯನ್ನು ಇದರಿಂದ ಬೇರ್ಪಡಿಸಬೇಕು. ಪೆಟ್ಟಿಗೆಯ ಗೋಡೆಯೇ ಪಾದರಸ ಹೀರಬಹುದು ಅಥವಾ ಬಿಡಬಹುದು. ಶುದ್ಧ ಮೇಲ್ಮೈಯ ಮೇಲಿಟ್ಟು ಮೊದಲು ಪೆಟ್ಟಿಗೆಯನ್ನೇ ಪರೀಕ್ಷಿಸಬೇಕು. ಗಾಳಿಯ ಹರಿವು ಮಂದವಾದರೆ ಅಳತೆ ಕಡಿಮೆ ಬರುತ್ತದೆ. ಅತಿನೇರಳೆ ಕಿರಣವನ್ನು ತಡೆಯುವ ಗಾಜು ಬಳಸಿದರೆ ಬಿಸಿಲಿನ ಪಾತ್ರವೇ ಲೆಕ್ಕದಿಂದ ತಪ್ಪಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಮಧ್ಯಾಹ್ನ ಒಂದು ಹೊಲದಲ್ಲಿ ಅಳೆದು ಜಿಲ್ಲೆಗೆಲ್ಲ ಅನ್ವಯಿಸುವುದು ವಿಜ್ಞಾನವಲ್ಲ. ಹಗಲಿನಲ್ಲಿ ಏರಿಕೆ ಹೆಚ್ಚು, ಇರುಳಿನಲ್ಲಿ ಕಡಿಮೆ. ಕೆಲವೊಮ್ಮೆ ನೆಲ ಬಿಡುವ ಬದಲು ಹೀರಿಕೊಳ್ಳುವುದೂ ಉಂಟು. ಬರಿ ನೆಲ ಹೆಚ್ಚು ಬಿಡುತ್ತದೆ, ನೆರಳಿನ ನೆಲ ಕಡಿಮೆ.

ಇಲ್ಲಿಯೇ ನಾಲೆಯ ನೀರಿನ ಸರದಿ ಈ ಪ್ರಶ್ನೆಯೊಳಗೆ ಪ್ರವೇಶಿಸುತ್ತದೆ. ಒಣಗಿದ ಮಣ್ಣಿಗೆ ನೀರು ಸೋಂಕಿದಾಗ ಪಾದರಸದ ಆವಿ ಒಮ್ಮೆಲೇ ಹೆಚ್ಚುವುದನ್ನು ಹಲವು ದೇಶಗಳ ಸಂಶೋಧಕರು ದಾಖಲಿಸಿದ್ದಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ಸರದಿಯ ಮೇಲೆ ಬಿಟ್ಟು ಕಟ್ಟುವಂಥದು. ಮದ್ದೂರು, ಮಳವಳ್ಳಿಗಳ ಕೊನೆಭಾಗದ ರೈತರಿಗೆ ಆ ಸರದಿಯೂ ತಡವಾಗಿ ತಲುಪುತ್ತದೆಂಬುದು ಹಳೆಯ ದೂರು. ಒಣಗುವುದು, ನೆನೆಯುವುದು, ಮತ್ತೆ ಒಣಗುವುದು ಈ ಜಮೀನುಗಳ ದಿನಚರಿ. ಆದ್ದರಿಂದ ಯೂರೋಪಿನ ಹುಲ್ಲುಗಾವಲಿನಲ್ಲೋ ಅಮೆರಿಕದ ಕಾಡಿನಲ್ಲೋ ದೊರೆತ ಅಂಕಿಗಳನ್ನು ತಂದು ಇಲ್ಲಿಗೆ ಹೊಂದಿಸಲಾಗದು. ನೀರು ಬಿಡುವ ಹಿಂದಿನ ದಿನ, ಬಿಟ್ಟ ದಿನ, ವಾರದ ನಂತರ ಎಂಬಂತೆ ನಾಲೆಯ ತಲೆಭಾಗದಲ್ಲೂ ಕೊನೆಭಾಗದಲ್ಲೂ ಅಳೆದಾಗಲೇ ಈ ನೆಲದ ನಿಜ ತಿಳಿಯುತ್ತದೆ.

ಭಯ ಹುಟ್ಟಿಸುವುದು ಈ ಬರಹದ ಉದ್ದೇಶವಲ್ಲ. ಪ್ರಮಾಣದ ಅರಿವು ಇರಬೇಕು. ಉಸಿರಾಡುವ ಗಾಳಿಯಲ್ಲಿ ಪಾದರಸದ ವಾರ್ಷಿಕ ಸರಾಸರಿ ಘನ ಮೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗದ ಮಾರ್ಗಸೂಚಿ. ಅದು 1,000 ನ್ಯಾನೋಗ್ರಾಮಿಗೆ ಸಮ. ಬಯಲು ಹೊಲದ ಮಣ್ಣಿನಿಂದೇಳುವ ಆವಿ ಗಾಳಿಯನ್ನು ಆ ಮಟ್ಟಕ್ಕೆ ಒಯ್ಯುವ ಸಂಭವ ತೀರ ಕಡಿಮೆ. ಬಳಸಿದ ಸಂಯುಕ್ತವೂ ಮಿಥೈಲ್ ಪಾದರಸದಷ್ಟು ಘೋರವಾದುದಲ್ಲ. ಇರಾಕಿನಲ್ಲಿ 1971-72ರಲ್ಲಿ ಮಿಥೈಲ್ ಪಾದರಸ ಲೇಪಿಸಿದ ಬಿತ್ತನೆ ಗೋಧಿಯನ್ನು ರೊಟ್ಟಿ ಮಾಡಿ ತಿಂದ 6,530 ಮಂದಿ ಆಸ್ಪತ್ರೆ ಸೇರಿ, 459 ಮಂದಿ ಅಲ್ಲಿಯೇ ಸತ್ತರು. ಕಬ್ಬಿನ ನಾಡಿನ ಪ್ರಶ್ನೆ ಅಂಥ ದುರಂತದ್ದಲ್ಲ, ನಿಧಾನದ್ದು.

ಆ ನಿಧಾನವನ್ನೂ ಲೆಕ್ಕದಲ್ಲಿ ಕಾಣಬಹುದು. ಒಂದು ಹೊಲ ಹಗಲಿರುಳು ಸೇರಿ ಸರಾಸರಿ ಗಂಟೆಗೆ ಚದರ ಮೀಟರಿಗೆ 5 ನ್ಯಾನೋಗ್ರಾಂ ಬಿಡುತ್ತದೆಂದು ಭಾವಿಸಿದರೆ ವರ್ಷಕ್ಕೆ ಒಂದು ಎಕರೆಯಿಂದ ಏರುವುದು 0.18 ಗ್ರಾಂ. ಒಂದೇ ನಾಟಿಯ 15 ಗ್ರಾಂ ಪಾದರಸ ಈ ದಾರಿಯಲ್ಲೇ ಹೊರಹೋಗಬೇಕಾದರೆ 80 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಅಜ್ಜ ಅದ್ದಿದ್ದನ್ನು ಮೊಮ್ಮಗನ ಹೊಲ ಬಿಡುತ್ತಿರುತ್ತದೆ. ನಿಜವಾದ ದರ ಇದಕ್ಕಿಂತ ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ಅದನ್ನು ಹೇಳಬಲ್ಲುದು ಮಾಪನವೊಂದೇ.

ಏರದೆ ಉಳಿದುದರ ಪ್ರಶ್ನೆ ಇನ್ನೂ ಗಂಭೀರ. ಈ ಸೀಮೆಯಲ್ಲಿ ಕಬ್ಬಿನ ಜೊತೆಗೆ ಭತ್ತವೂ ಪ್ರಧಾನ ಬೆಳೆ, ಒಂದೇ ಜಮೀನು ಎರಡನ್ನೂ ಕಾಣುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಇಲ್ಲವಾದಾಗ ಕೆಲವು ಬ್ಯಾಕ್ಟೀರಿಯಾಗಳು ಸಾಮಾನ್ಯ ಪಾದರಸವನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ರೋಗಕ್ಕೆ ಕಾರಣವಾದ ವಸ್ತುವೇ ಅದು. ಚೀನಾದ ಗ್ವಿಝೌ ಪ್ರಾಂತ್ಯದ ಪಾದರಸ ಗಣಿ ಪ್ರದೇಶಗಳಲ್ಲಿ ಜನರ ದೇಹಕ್ಕೆ ಮಿಥೈಲ್ ಪಾದರಸ ಮುಖ್ಯವಾಗಿ ಸೇರುತ್ತಿದ್ದುದು ಮೀನಿನಿಂದಲ್ಲ, ಅನ್ನದಿಂದ ಎಂದು ಅಲ್ಲಿನ ವಿಜ್ಞಾನಿಗಳು ತೋರಿಸಿದರು. ಗಣಿಯ ನೆಲವನ್ನು ಮಂಡ್ಯದ ಗದ್ದೆಗೆ ಹೋಲಿಸುವುದು ಅನ್ಯಾಯ. ಆದರೆ ಗದ್ದೆಯ ಕೆಸರಿನಲ್ಲಿ ನಡೆಯುವ ರಸಾಯನಕ್ರಿಯೆ ಎರಡೂ ಕಡೆ ಒಂದೇ. ಆದಕಾರಣ ಆವಿಯ ಮಾಪನ, ಮಣ್ಣಿನ ಪರೀಕ್ಷೆ, ಅಕ್ಕಿಯ ಪರೀಕ್ಷೆ ಮೂರೂ ಜೊತೆಯಾಗಿ ನಡೆಯಬೇಕು.

ಬಯಲುಸೀಮೆಯ ಈ ವಿಚಾರ ಮಲೆನಾಡಿನ ಪತ್ರಿಕೆಗೆ ಏಕೆಂದು ಕೆಲವು ಓದುಗರು ಕೇಳಬಹುದು. ಕಾವೇರಿ ಕೊಡಗಿನಲ್ಲಿ ಹುಟ್ಟುತ್ತಾಳೆ, ಹೇಮಾವತಿ ಘಟ್ಟದ ಮಳೆಯಿಂದ ತುಂಬುತ್ತಾಳೆ. ಬೆಟ್ಟದ ನೀರು ಕನ್ನಂಬಾಡಿಯ ಮೂಲಕ ಮಳವಳ್ಳಿಗೆ ಇಳಿಯುತ್ತದೆ. ಗಾಳಿಯ ದಾರಿ ಇಷ್ಟು ನೇರವಲ್ಲ. ಒಮ್ಮೆ ಆವಿಯಾದ ಪಾದರಸ ತಿಂಗಳುಗಟ್ಟಲೆ ವಾಯುಮಂಡಲದಲ್ಲಿ ತೇಲುತ್ತ ಖಂಡಗಳನ್ನು ದಾಟುತ್ತದೆ. ಅದನ್ನು ಮತ್ತೆ ನೆಲಕ್ಕಿಳಿಸುವುದರಲ್ಲಿ ಕಾಡಿನ ಪಾಲು ಬಹು ದೊಡ್ಡದು. ಎಲೆಗಳು ಉಸಿರಾಡುವಾಗ ಪಾದರಸದ ಆವಿಯನ್ನೂ ಒಳಗೆಳೆದು ಹಿಡಿದಿಡುತ್ತವೆ. ಎಲೆ ಉದುರಿದಾಗ ಅದು ಕಾಡಿನ ನೆಲ ಸೇರುತ್ತದೆ. ಸೊಪ್ಪಿನಬೆಟ್ಟದ ದರಗನ್ನು ಗುಡಿಸಿ ಕೊಟ್ಟಿಗೆಗೂ ತೋಟಕ್ಕೂ ಒಯ್ಯುವ ಮಲೆನಾಡಿನವರು ಈ ಸರಪಳಿಯ ಹೊರಗಿಲ್ಲ. ಬೆಟ್ಟದ ಬೇಸಾಯವೂ ನಿಷ್ಕಳಂಕವಲ್ಲ. ಶುಂಠಿಯ ಬಿತ್ತನೆ ಗೆಡ್ಡೆ ಕೊಳೆಯದಿರಲು ಇಂಥವೇ ಪುಡಿಗಳನ್ನು ಹಳೆಯ ಕೈಪಿಡಿಗಳು ಸೂಚಿಸುತ್ತಿದ್ದವು. ಮಂಡ್ಯದಲ್ಲಿ ಕಲಿತ ಮಾಪನ ನಾಳೆ ಶುಂಠಿ ಬೆಳೆದ ಗದ್ದೆಗಳಿಗೂ ಬೇಕಾಗುತ್ತದೆ.

ಬೆಟ್ಟದ ಜನ ಮರೆಯಬಾರದ ಪಾಠ ಕೊಡೈಕಾನಲ್‌ನದು. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆ 2001ರ ಮಾರ್ಚಿನಲ್ಲಿ ಮುಚ್ಚಿತು. ಕಾರ್ಖಾನೆಯ ಪಾದರಸ ಗಾಳಿಯ ಮೂಲಕವೂ ಹರಡಿತ್ತೆಂಬುದಕ್ಕೆ ಮರಗಳ ಮೇಲಿನ ಕಲ್ಲುಹೂವು ಮತ್ತು ಹಾವಸೆ ಸಾಕ್ಷಿಯಾದವು. ಅವುಗಳನ್ನು ಪರೀಕ್ಷಿಸಿ ಪ್ರಕಟಿಸಿದವರು ಹೈದರಾಬಾದಿನ ಕೇಂದ್ರೀಯ ಪ್ರಯೋಗಾಲಯವೊಂದರ ವಿಜ್ಞಾನಿಗಳು. ಮಣ್ಣಿನಲ್ಲಿ ಎಷ್ಟು ಪಾದರಸ ಉಳಿದರೆ ಶುದ್ಧವೆನ್ನಬೇಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. ಕಿಲೋಗ್ರಾಮಿಗೆ 20 ಮಿಲಿಗ್ರಾಂ ಸಾಕೆಂಬ ನಿಲುವನ್ನು ಪರಿಸರವಾದಿಗಳು ಒಪ್ಪಲಿಲ್ಲ. ಹಳೆಯ ಕಾರ್ಮಿಕರಿಗೆ ಪರಿಹಾರದ ಒಪ್ಪಂದ ಆದದ್ದು 2016ರಲ್ಲಿ, ಬೀಗ ಬಿದ್ದ 15 ವರ್ಷಗಳ ಮೇಲೆ. ಅಲ್ಲಿ ಒಂದು ಗೇಟಿತ್ತು, ಒಂದು ಬೇಲಿಯಿತ್ತು, ಹೊಣೆ ಕೇಳಲು ಒಂದು ಕಂಪನಿಯಿತ್ತು. ಕಬ್ಬಿನ ನಾಡಿನಲ್ಲಿ ಬೇಲಿಯಿಲ್ಲ. ಶಿಫಾರಸು ಮಾಡಿದವರು, ಮಾರಿದವರು, ಅನುಮತಿಸಿದವರು, ನಂಬಿ ಬಳಸಿದವರು ಹೀಗೆ ಹೊಣೆ ಹಂಚಿಹೋಗಿದೆ. ಪಾದರಸವೂ ಹಾಗೆಯೇ ಸಾವಿರಾರು ಹಿಡುವಳಿಗಳಲ್ಲಿ ಹಂಚಿಹೋಗಿರುತ್ತದೆ. ಹಂಚಿಹೋದ ವಿಷಕ್ಕೆ ವಾರಸುದಾರರಿರುವುದಿಲ್ಲ. ಅದನ್ನು ಅಳೆಯದೆ ಬಿಡಲು ಸಿಗುವ ಸುಲಭದ ನೆಪವೂ ಅದೇ.

ಇನ್ನೊಂದು ಆಕ್ಷೇಪವೂ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಪಾದರಸವೆಂಬ ಮಾತು ಹೊರಬಿದ್ದರೆ ಮಂಡ್ಯದ ಬೆಲ್ಲಕ್ಕೂ ಅಕ್ಕಿಗೂ ಕೆಟ್ಟ ಹೆಸರು ಬರುವುದಿಲ್ಲವೇ? ಬೆಲೆಯ ಏರಿಳಿತಕ್ಕೂ ಕಾರ್ಖಾನೆಯ ಬಾಕಿಗೂ ನಾಲೆಯ ನೀರಿಗೂ ಹೋರಾಡಿ ಬಳಲಿದ ಕೃಷಿಕನ ತಲೆಗೆ ಇದೊಂದು ಹೊರೆ ಬೇಕೇ? ಈ ಭಯಕ್ಕೆ ಉತ್ತರ ಮೌನವಲ್ಲ. ಅಳತೆಯಿಲ್ಲದ ಕಡೆ ವದಂತಿಗೆ ಬೆಲೆ ಬರುತ್ತದೆ. ಅಂಕಿ ಕಡಿಮೆ ಬಂದರೆ ಅದು ಕೃಷಿಕನ ಕೈಯ ಪ್ರಮಾಣಪತ್ರ. ಹೆಚ್ಚು ಬಂದರೆ ಪರಿಹಾರ ಕೇಳಲು ಆಧಾರ. ಪಾದರಸದ ಪುಡಿಯನ್ನು ಕೃಷಿಕ ತಾನಾಗಿ ಹುಡುಕಿ ತಂದದ್ದಲ್ಲ. ವಿಜ್ಞಾನದ ಹೆಸರಿನಲ್ಲಿ ಅದನ್ನು ಅವನಿಗೆ ಕೊಡಲಾಯಿತು. ಮಾಪನದ ವೆಚ್ಚವನ್ನಾಗಲಿ ಅದರ ಕಳಂಕವನ್ನಾಗಲಿ ಅವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಆಗಬೇಕಾದ ಕೆಲಸ ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ಮೂರೂ ತಾಲ್ಲೂಕುಗಳ ಆಯ್ದ ಹೊಲಗಳ ಮೇಲ್ಮಣ್ಣಿನಲ್ಲಿ ಒಟ್ಟು ಪಾದರಸದ ಪರೀಕ್ಷೆಯಾಗಬೇಕು. ದೀರ್ಘಕಾಲ ಕಬ್ಬು ಬೆಳೆದ ಜಮೀನು, ಭತ್ತಕ್ಕೆ ತಿರುಗಿದ ಜಮೀನು, ಎಂದೂ ನಾಲೆಯ ನೀರು ಕಾಣದ ಮಳೆಯಾಶ್ರಿತ ರಾಗಿ ಹೊಲ ಈ ಮೂರನ್ನೂ ಹೋಲಿಸಬೇಕು. ಎರಡನೆಯದಾಗಿ, ಹೆಚ್ಚು ಕಂಡ ಹೊಲಗಳಲ್ಲಿ ಋತುಮಾನವನ್ನೂ ನೀರಿನ ಸರದಿಯನ್ನೂ ಅನುಸರಿಸಿ ಆವಿಯ ಮಾಪನ ನಡೆಯಬೇಕು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ಕೇಂದ್ರವಿದೆ. ಯಾವ ತಾಕಿನಲ್ಲಿ ಯಾವ ವರ್ಷ ಯಾವ ಬೀಜೋಪಚಾರ ನಡೆಯಿತೆಂಬ ದಾಖಲೆ ದೊರೆಯಬೇಕಾದ ಸ್ಥಳವದು. ಮಾಪನ ಅಲ್ಲಿಂದಲೇ ಆರಂಭವಾಗುವುದು ಉಚಿತ. ಮೂರನೆಯದಾಗಿ, ಹಳೆಯ ಪುಡಿಯ ಡಬ್ಬಿಗಳು ಮನೆ, ಅಟ್ಟ, ಪಂಪುಶೆಡ್ಡುಗಳಲ್ಲಿ ಉಳಿದಿದ್ದರೆ ದಂಡದ ಭಯವಿಲ್ಲದೆ ಹಿಂದಿರುಗಿಸುವ ವ್ಯವಸ್ಥೆಯಾಗಬೇಕು. ನಾಲ್ಕನೆಯದಾಗಿ, ಎಲ್ಲ ಅಂಕಿಗಳೂ ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಪ್ರಕಟವಾಗಬೇಕು. ಹೊಲದ ಒಡೆಯನ ಹೆಸರು ಮಾತ್ರ ಗೋಪ್ಯವಾಗಿರಬೇಕು.

ಮಾಪನ ಮುಗಿಯುವವರೆಗೆ ಕಾಯದೆ ಮಾಡಬಹುದಾದ ಒಂದು ಕೆಲಸವೂ ಇದೆ. ಗಾಳಿಯಿಂದ ಪಾದರಸ ಹೀರಿದ ಎಲೆಗಳನ್ನು ಸುಟ್ಟರೆ ಅದು ಹೊಗೆಯೊಡನೆ ಮರಳಿ ಗಾಳಿಗೆ ಹೋಗುತ್ತದೆ. ಕಬ್ಬಿನ ತರಗನ್ನು ಸುಡದೆ ಸಾಲಿನಲ್ಲಿ ಹೊದಿಸಿದರೆ ಬಿಸಿಲು ನೇರ ನೆಲಕ್ಕೆ ಬೀಳದೆ ಆವಿಯೂ ತಗ್ಗುತ್ತದೆ, ತೇವವೂ ಉಳಿಯುತ್ತದೆ. ಇದು ಪಾದರಸವನ್ನು ಇಲ್ಲವಾಗಿಸುವುದಿಲ್ಲ. ಮಣ್ಣಿಗೆ ಹೇಗೂ ಒಳ್ಳೆಯದಾದ ಕೆಲಸಕ್ಕೆ ಇನ್ನೊಂದು ಕಾರಣವನ್ನು ಒದಗಿಸುತ್ತದೆ.

ಪಾದರಸದ ಬಗೆಗಿನ ಮಿನಮಾಟ ಒಪ್ಪಂದಕ್ಕೆ ಭಾರತ 2014ರಲ್ಲಿ ಸಹಿ ಹಾಕಿ, 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. ಕಲುಷಿತ ನೆಲೆಗಳನ್ನು ಗುರುತಿಸಿ ಅಂದಾಜಿಸುವ ಕಾರ್ಯತಂತ್ರ ರೂಪಿಸಲು ಪ್ರತಿ ದೇಶವೂ ಯತ್ನಿಸಬೇಕೆಂದು ಆ ಒಪ್ಪಂದದ 12ನೆಯ ವಿಧಿ ಹೇಳುತ್ತದೆ. ಕಾರ್ಖಾನೆಯ ಅಂಗಳಕ್ಕೆ ಮಾತ್ರ ಆ ಮಾತು ಸೀಮಿತವಾಗಬೇಕಿಲ್ಲ. ಸರ್ಕಾರವೇ ಅನುಮತಿಸಿ, ಸರ್ಕಾರವೇ ನಿಷೇಧಿಸಿದ ವಸ್ತು ಬಿದ್ದ ನೆಲವೂ ಅದರ ವ್ಯಾಪ್ತಿಗೆ ಬರಬೇಕು. ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಸಾಲುಗಳ ಕೆಳಗೆ ಹದಿಮೂರನೆಯ ಸಾಲಿಗೆ ಜಾಗವಿದೆ. ಆ ಸಾಲು ತುಂಬಬೇಕೆಂದು ಮಂಡ್ಯ, ಮದ್ದೂರು, ಮಳವಳ್ಳಿಯ ಗ್ರಾಮಸಭೆಗಳು ಕೇಳಲಿ. ಬೆಟ್ಟದ ಊರುಗಳು ಆ ಬೇಡಿಕೆಗೆ ದನಿಗೂಡಿಸಲಿ.